ಭಾವ ತಂದ ರ‍್ಯಾಮ್

ನಲವತ್ತು ದಾಟಿ ನೆತ್ತಿ ಬೋಳಾಗುತ್ತಾ ಬಂದಿದ್ದರೂ ಅಕ್ಕನ ಬಾಯಲ್ಲಿ ಅವನು ಇನ್ನೂ ಪಾಪುವೇ. ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ಅವನ ಕೈಕೆಳಗಿನವರು ಸರ್ ಅನ್ನುತ್ತಾರೆ, ಹಲ್ಲಿನ ಡಾಕ್ಟರುಗಳು ಫೋನು ಮಾಡಿ ಇದನ್ನು ನೀವೇ ಕೈಯಾರೆ ಮಾಡಿಕೊಡಬೇಕು ಅಂತ ಗೋಗರೆಯುತ್ತಾರೆ. ಅಕ್ಕನ ಮನೆಗೆ ಬಂದು ಚಪ್ಪಲಿ ಬಿಟ್ಟನೋ, ‘ಬಂದ್ಯೇನೋ ಪಾಪು’ ಅಂದುಬಿಟ್ಟರೆ ಮುಗಿಯಿತು. ಅವನಿಗೂ ಅದು ಹಿತವೇ, ಸುಳ್ಳೇಕೆ ಹೇಳಬೇಕು.

ಆ ಮನೆಯಲ್ಲಿ ಮಿಕ್ಸಿ ಕೆಟ್ಟರೂ ಪಾಪು ಬರಬೇಕು, ಚಿಲಕ ಸಡಿಲವಾದರೂ ಪಾಪು ಬರಬೇಕು. ಹಾಗಂತ ಭಾವ ಕೈಲಾಗದವರೇನಲ್ಲ. ಲಿಫ್ಟ್ ಕಂಪನಿಯಲ್ಲಿ ಸೂಪರ್‌ವೈಸರ್, ಊರಿನ ಎತ್ತರದ ಕಟ್ಟಡಗಳಲ್ಲಿ ಜನ ಮೇಲೆ ಕೆಳಗೆ ಓಡಾಡುವುದು ಅವರ ಕೃಪೆಯಿಂದ. ಆದರೆ ಹಿಂದಿನ ವರ್ಷ ಮನೆಗೆ ಬಣ್ಣ ಹೊಡೆಸುವಾಗ ಅವರು ಒಂದು ಎಡವಟ್ಟು ಮಾಡಿದ್ದರು. ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಹಳೇ ಕಂಪ್ಯೂಟರನ್ನು, ಹೊಸದು ಬಂದಿದೆಯಲ್ಲ ಇದ್ಯಾಕೆ ಅಂತ, ಗುಜರಿಯವನ ಗಾಡಿಗೆ ಎತ್ತಿಹಾಕಿಸಿದ್ದರು.

ಅಕ್ಕನ ಕೆಲಸ ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುವುದು. ಕಿಟಕಿಗೆಲ್ಲ ದಪ್ಪ ಪರದೆ ಎಳೆದು, ಫ್ಯಾನು ಆರಿಸಿ, ಬೆವರು ಒರೆಸಿಕೊಳ್ಳುತ್ತ ಓದುತ್ತಾಳೆ. ಕೆಮ್ಮು ಬಂದರೆ ಆ ಸಾಲು ಮತ್ತೆ, ಬೀದಿಯಲ್ಲಿ ಯಾರಾದರೂ ಹಾರ್ನ್ ಹೊಡೆದರೆ ಆ ಪ್ಯಾರಾ ಮತ್ತೆ. ಹಾಗೆ ತಿಂಗಳುಗಟ್ಟಲೆ ಕೂತು ಓದಿದ್ದ ಇಡೀ ವಿಜ್ಞಾನ ಪುಸ್ತಕ ಆ ಹಳೇ ಮೆಷಿನ್ನಿನೊಳಗಿತ್ತು, ಹೊಸದಕ್ಕೆ ಇನ್ನೂ ಇಳಿಸಿಕೊಂಡಿರಲಿಲ್ಲ. ವಿಷಯ ಗೊತ್ತಾದ ದಿನ ಅಕ್ಕ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಒಂದು ಮಾತೂ ಆಡದೆ ತನ್ನ ಹಾಸಿಗೆಯನ್ನು ರೆಕಾರ್ಡಿಂಗ್ ಕೋಣೆಗೆ ಹೊತ್ತುಕೊಂಡು ಹೋದಳು. ಅಂದಿನಿಂದ ಗಂಡ ಏನು ಕೇಳಿದರೂ ಹೂಂ, ಇಲ್ಲದಿದ್ದರೆ ಊಹೂಂ. ಭಾವ ತಮ್ಮದೇ ಮನೆಯಲ್ಲಿ ಬಾಡಿಗೆಗೆ ಬಂದವರ ಥರ ಮೆಲ್ಲಗೆ ಓಡಾಡುವುದನ್ನು ಕಲಿತರು.

ಹೀಗಿರುವಾಗ ಒಂದು ದಿನ ಭಾವ ಒಂದು ಪುಟ್ಟ ಪೊಟ್ಟಣ ತಂದರು. ಹೊಸ ಕಂಪ್ಯೂಟರೂ ನಿಧಾನ ಆಗ್ತಿದೆ ಅಂತ ಅಕ್ಕ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದದ್ದು ಅವರ ಕಿವಿಗೆ ಬಿದ್ದಿತ್ತು. ಅವಳಿಲ್ಲದಾಗ ಮೆಷಿನ್ನಿನ ಹಿಂದಿದ್ದ ಚೀಟಿಯ ಫೋಟೊ ತೆಗೆದುಕೊಂಡು, ಅಂಗಡಿಯಿಂದ ಅಂಗಡಿಗೆ ಅಲೆದು, ಅದಕ್ಕೆ ಸರಿಹೊಂದುವ ರ‍್ಯಾಮ್ ಹುಡುಕಿ ತಂದಿದ್ದರು. ಬೆರಳುದ್ದದ ಹಸಿರು ಪಟ್ಟಿ, ಅಷ್ಟೇ. ಅದನ್ನು ಒಳಗೆ ಕೂರಿಸಿದರೆ ಮೆಷಿನ್ನಿನ ಮೆಮೊರಿ ಇಮ್ಮಡಿಯಾಗುತ್ತದೆ.

ಅಕ್ಕ ಪೊಟ್ಟಣ ಬಿಚ್ಚುವಾಗ ಪಾಪುವೂ ಅಲ್ಲೇ ಇದ್ದ.

“ನನ್ನ ಮೆಷಿನ್‌ಗೆ ಆಗೋದೇ ತಂದ್ರಾ?” ಅಂದಳು.

“ಫೋಟೊ ತೋರಿಸಿ ತಂದೆ,” ಅಂದರು ಭಾವ. ಕಿವಿ ಕೆಂಪಾಗಿತ್ತು.

“ಎಷ್ಟು ಅಂಗಡಿ ಸುತ್ತಿದ್ರಿ?”

“ಸುಮಾರು.”

ಅಕ್ಕ ನಕ್ಕುಬಿಟ್ಟಳು. ಅಷ್ಟು ದಿನದಲ್ಲಿ ಗಂಡನ ಮುಖ ನೋಡಿ ಅವಳು ನಕ್ಕದ್ದು ಅದೇ ಮೊದಲು. ಭಾವ ಎಲ್ಲಿ ನೋಡಬೇಕೋ ತಿಳಿಯದೆ ಗೋಡೆ ಗಡಿಯಾರ ನೋಡುತ್ತ ನಿಂತರು.

ರ‍್ಯಾಮ್ ಹಾಕಲು ಕೂತವನು ಪಾಪು. ಹಾಕಬೇಕಾದ ಜಾಗದ ಮೇಲೆ ಪ್ರೊಸೆಸರಿನ ಫ್ಯಾನು, ಅದರಡಿಯ ಅಲ್ಯೂಮಿನಿಯಂ ಗಟ್ಟಿ ಎಲ್ಲ ಚಾಚಿಕೊಂಡಿತ್ತು, ಬೆರಳು ತೂರುತ್ತಿರಲಿಲ್ಲ. ಸರಿ, ನಾಲ್ಕು ಸ್ಕ್ರೂ ಬಿಚ್ಚಿ ಅದನ್ನೇ ಎತ್ತಿದ. ಅಡಿಯಲ್ಲಿ ಬೂದು ಬಣ್ಣದ ಏನೋ ಮೆತ್ತಿಕೊಂಡು ಒಣಗಿತ್ತು. ಛೆ! ಇಪ್ಪತ್ತು ವರ್ಷ ಹಲ್ಲಿನ ಲ್ಯಾಬಿನಲ್ಲಿ ದುಡಿದ ಕೈ ಅದು. ಅಚ್ಚಿನ ಮೇಲೆ ಹಲ್ಲು ಅಂಟಿಸುವ ಸಿಮೆಂಟಿನ ಒಂದು ಕಣ ಉಳಿದರೂ ಹಲ್ಲು ಕೂರುವುದಿಲ್ಲ, ಕೂತರೂ ನೋಯುತ್ತದೆ ಅಂತ ಹೊಸಬರಿಗೆ ಬೈದು ಬೈದು ಬಾಯಿ ಸವೆಸಿಕೊಂಡವನು. ಬೂದು ಬಣ್ಣದ ಒಣಗಿದ ಪೇಸ್ಟು ಕಂಡ ಮೇಲೆ ಆ ಕೈ ಸುಮ್ಮನಿದ್ದೀತೇ? ಚೀಲದಲ್ಲಿದ್ದ ಸ್ಪಿರಿಟ್ಟಿಗೆ ಹತ್ತಿ ಅದ್ದಿ ಎರಡೂ ಕಡೆ ತಿಕ್ಕಿದ. ಮೂಲೆಗೆ ಹಲ್ಲುಜ್ಜುವ ಬ್ರಷ್ ಹಾಕಿದ. ಕೊನೆಗೆ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ, ಕನ್ನಡಿಯಂತೆ ಹೊಳೆಯುವುದನ್ನು ಅಕ್ಕನಿಗೆ ತೋರಿಸಿದ.

“ನೋಡಕ್ಕ, ಎಷ್ಟು ಕೊಳೆ ಇತ್ತು!”

“ನನ್ನ ತಮ್ಮ ಅಂದ್ರೆ ಸುಮ್ನೇನಾ?” ಅಂದಳು ಅಕ್ಕ.

ಆಮೇಲೆ ಅವನು ಹಸಿರು ಪಟ್ಟಿಯನ್ನು ಕೂರಿಸಿ, ಫ್ಯಾನನ್ನು ವಾಪಸು ಬಿಗಿದು, ಮುಚ್ಚಳ ಹಾಕಿದ. ಮೆಷಿನ್ನು ಶುರುವಾಯಿತು. ಮೆಮೊರಿ ಇಮ್ಮಡಿ ಅಂತ ಪರದೆಯೂ ಒಪ್ಪಿಕೊಂಡಿತು. ಆ ಸಂಜೆ ಮೂವರೂ ಒಟ್ಟಿಗೆ ಕೂತು ಊಟ ಮಾಡಿದರು, ಭಾವ ಎರಡು ಜೋಕು ಹೇಳಿದರು, ಎರಡಕ್ಕೂ ಅಕ್ಕ ನಕ್ಕಳು.

ಮಾರನೆಯ ದಿನದಿಂದ ಮೆಷಿನ್ನು ಆರತೊಡಗಿತು.

ಸುಮ್ಮನೆ ಕೂತಿದ್ದರೆ ಏನೂ ಇಲ್ಲ. ಅಕ್ಕ ಓದಲು ಶುರುಮಾಡಿ, ಒಂದಿಷ್ಟು ರೆಕಾರ್ಡಾಗಿ, ದನಿಯ ಹಿಂದೆ ಸೇರಿಕೊಂಡ ಗದ್ದಲ ತೆಗೆಯುವ ಕೆಲಸಕ್ಕೆ ಕೈಹಾಕಿದಳೋ, ಟಪ್ ಅಂತ ಪರದೆ ಕಪ್ಪು. ಓದಿದ್ದೆಲ್ಲ ನೀರುಪಾಲು. ಅವಳಾಗ ಓದುತ್ತಿದ್ದದ್ದು ಇತಿಹಾಸ.

“ಆ ರಾಜ ಸಿಂಹಾಸನದ ಮೆಟ್ಲು ಹತ್ತಿ ನಿಂತಿದ್ದಾನೆ ಕಣೋ ಪಾಪು,” ಅಂತ ಫೋನು ಮಾಡಿದಳು. “ಇವತ್ತು ಬೆಳಿಗ್ಗೆಯಿಂದ ಹತ್ತಿಸ್ತಾನೇ ಇದೀನಿ. ಒಂದ್ಸಲಾನೂ ಕೂರಲಿಲ್ಲ.”

ಪಾಪು ಬಂದ. ಪ್ಲಗ್ಗು ಬದಲಾಯಿಸಿದ, ವೈರು ಬದಲಾಯಿಸಿದ, ಗೋಡೆಯ ಸಾಕೆಟ್ಟೇ ಸರಿಯಿಲ್ಲವೇನೋ ಅಂತ ಅಡುಗೆಮನೆಯಿಂದ ಉದ್ದನೆಯ ವೈರು ಎಳೆದು ತಂದ. ಧೂಳು ಊದಿದ. ರ‍್ಯಾಮ್ ಸರಿಯಾಗಿ ಕೂತಿಲ್ಲವೇನೋ ಅಂತ ಬೆರಳು ತೂರುವಷ್ಟು ಫ್ಯಾನನ್ನು ಸಡಿಲಿಸಿ, ಅದನ್ನು ಮತ್ತೆ ಒತ್ತಿ, ಫ್ಯಾನು ಬಿಗಿದ. ಮೆಷಿನ್ನು ಮತ್ತೆ ಆರಿತು. ಅವನು ಬೋಳುನೆತ್ತಿ ಕೆರೆದುಕೊಂಡ.

“ಅದು ಹಾಕೋವರೆಗೂ ಚೆನ್ನಾಗಿತ್ತು,” ಅಂದಳು ಅಕ್ಕ. ಯಾವುದು ಅಂತ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭಾವನಿಗೆ ಹೇಳದೆಯೇ ತಿಳಿಯಿತು. ಅವರು ಒಳಗೆ ಹೋದರು.

“ಲ್ಯಾಬಿಗೆ ತಗೊಂಡು ಹೋಗಿ ನೋಡ್ತೀನಿ ಬಿಡಕ್ಕ,” ಅಂತ ಪಾಪು ಡಬ್ಬವನ್ನೇ ಎತ್ತಿಕೊಂಡು ಹೊರಟ.

ಲ್ಯಾಬಿನಲ್ಲಿ, ಪ್ಲಾಸ್ಟರಿನ ದವಡೆಗಳ ಸಾಲಿನ ಪಕ್ಕ ಅದನ್ನಿಟ್ಟು, ಮೊದಲು ಭಾವ ತಂದ ರ‍್ಯಾಮನ್ನು ತೆಗೆದು ಜೇಬಿಗೆ ಹಾಕಿಕೊಂಡ. ಇನ್ನು ಸರಿಹೋಗಬೇಕು ಅಂದುಕೊಂಡು ಕೆಲಸ ಕೊಟ್ಟ. ಸ್ವಲ್ಪ ಹೊತ್ತಿಗೆ ಟಪ್! ಮತ್ತೆ ಮೆಷಿನ್ನು ಹಚ್ಚಿದ, ಮತ್ತೆ ಟಪ್. ರ‍್ಯಾಮ್ ಅವನ ಜೇಬಿನಲ್ಲಿ ಬೆಚ್ಚಗೆ ಕೂತಿತ್ತು, ಮೆಷಿನ್ನು ಇಲ್ಲಿ ಸಾಯುತ್ತಿತ್ತು. ಹಾಗಾದರೆ ತಪ್ಪು ರ‍್ಯಾಮಿನದಲ್ಲ. ಮತ್ತೆ ಯಾರದ್ದು?

ಫೋನಿನಲ್ಲಿ ಹುಡುಕಿ ಒಂದು ವಿಡಿಯೊ ನೋಡಿದ. ಗಡ್ಡದ ಮನುಷ್ಯನೊಬ್ಬ ಸಣ್ಣ ಟ್ಯೂಬಿನಿಂದ ಬೂದು ಬಣ್ಣದ ಪೇಸ್ಟನ್ನು ಪ್ರೊಸೆಸರಿನ ಮೇಲೆ ಹಿಂಡುತ್ತಿದ್ದ. ಒಳಗಿನ ಬಿಸಿ ಅಲ್ಯೂಮಿನಿಯಮ್ಮಿಗೆ ಹತ್ತುವುದು ಈ ಪೇಸ್ಟಿನಿಂದಲೇ, ಇದಿಲ್ಲದಿದ್ದರೆ ಪ್ರೊಸೆಸರು ಕಾದು ಕಾದು, ಸುಟ್ಟುಹೋಗದಿರಲಿ ಅಂತ ಮೆಷಿನ್ನು ತಾನೇ ಆರಿಕೊಳ್ಳುತ್ತದೆ, ಫ್ಯಾನು ಬಿಚ್ಚಿದರೆ ಹಳೇದನ್ನು ಒರೆಸಿ ಹೊಸದು ಹಚ್ಚಲೇಬೇಕು ಅಂತ ಹೇಳುತ್ತಿದ್ದ. ಪಾಪು ವಿಡಿಯೊ ನಿಲ್ಲಿಸಿದ. ಎಷ್ಟು ಚೆನ್ನಾಗಿ ತಿಕ್ಕಿದ್ದೆ ಅಂತ ಅಕ್ಕನಿಗೆ ಬೇರೆ ತೋರಿಸಿದ್ದ.

ಪೇಸ್ಟು ತಂದು ಹಚ್ಚಿದ. ಸಂಜೆಯವರೆಗೂ ಮೆಷಿನ್ನು ಒಂದೇ ಸಮನೆ ಓಡಿತು. ಹೇಳಿಬಿಡೋಣ ಅಂದುಕೊಂಡ. ಹೇಳುವುದರಲ್ಲೇನಿದೆ, ಅಕ್ಕ ಎರಡು ಮಾತು ಬೈದಾಳು, ಆಮೇಲೆ ನಕ್ಕಾಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದ.

ಅಕ್ಕ ಬಾಗಿಲಲ್ಲೇ ಕೇಳಿದಳು: “ಸರಿಹೋಯ್ತಾ?”

“ಹೋಯ್ತಕ್ಕ.”

“ಅದನ್ನ ತೆಗೆದ್ಯಾ?”

“ತೆಗೆದೆ. ಆದ್ರೆ...”

“ನಾನ್ ಹೇಳಿರ್ಲಿಲ್ವಾ!” ಅಂದಳು. ಅವನ ಜೇಬಿನಿಂದ ಇಣುಕುತ್ತಿದ್ದ ಹಸಿರು ಪಟ್ಟಿಯನ್ನು ತಾನೇ ತೆಗೆದು, ಪೇಪರು ಓದುತ್ತ ಕೂತಿದ್ದ ಗಂಡನ ಮುಂದೆ ಹೋಗಿ ನಿಂತಳು. “ತಗೊಳ್ಳಿ. ಹೋದ ಸಲ ಮೆಷಿನ್ನನ್ನ ಗುಜರಿಗೆ ಹಾಕಿದ್ರಿ. ಈ ಸಲ ಗುಜರೀನೇ ತಂದು ಮೆಷಿನ್ನಿಗೆ ಹಾಕಿದ್ರಿ. ನಿಮ್ಮಿಂದ ನನಗೆ ಏನೂ ಬೇಡ. ದಮ್ಮಯ್ಯ, ಏನೂ ತರಬೇಡಿ.”

ಭಾವ ಅದನ್ನು ತೆಗೆದುಕೊಂಡರು. ಹೇಳು, ಈಗ ಹೇಳು ಅಂತ ಪಾಪುವಿನ ಒಳಗೆ ಯಾರೋ ತಿವಿಯುತ್ತಿದ್ದರು. ಅವನ ನಾಲಿಗೆ ಹೊರಳಲಿಲ್ಲ. ಅಷ್ಟು ಹೊತ್ತಿಗೆ ಅಕ್ಕ ತಿರುಗಿ, ‘ನೀನೊಬ್ಬ ಇದ್ದೀಯಲ್ಲ ನನಗೆ, ಅಷ್ಟೇ ಸಾಕು ಕಣೋ’ ಅಂದು ಅವನ ಬೆನ್ನು ಸವರಿದಳು. ಥೂ, ಆ ಬೆನ್ನಿಗೆ ನಾಚಿಕೆಯಾಗಬೇಕಿತ್ತು. ಅವನು ಕಾಫಿ ಕುಡಿದು ಮನೆಗೆ ಹೋದ.

ಆಮೇಲೆ ಅವನಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಹಲ್ಲಿನ ಅಚ್ಚಿನ ಮೇಲೆ ಉಳಿದ ಸಿಮೆಂಟು ಒರೆಸಲು ಹತ್ತಿ ಕೈಗೆತ್ತಿಕೊಂಡರೆ ಭಾವನ ಮುಖ ಎದುರು ಬರುತ್ತಿತ್ತು. ಹೇಳೋಣ ಅಂದುಕೊಂಡು ಫೋನು ಮಾಡಿದರೆ ಅಕ್ಕ ತಾನೇ ಶುರುಮಾಡುತ್ತಿದ್ದಳು: ಮೆಷಿನ್ನು ಎಷ್ಟು ಚೆನ್ನಾಗಿ ಓಡ್ತಿದೆ, ನಿನ್ನ ಕೈಗುಣವೇ ಕೈಗುಣ. ಅದನ್ನು ಕೇಳಿ ಅವನು ಹೂಂಗುಟ್ಟಿ ಫೋನಿಡುತ್ತಿದ್ದ. ತಡ ಮಾಡಿದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಮೊದಲಾದರೆ ಪೇಸ್ಟು ಒರೆಸಿದ್ದು ಒಂದೇ ತಪ್ಪು. ಈಗ ಬಾಯಿ ಮುಚ್ಚಿಕೊಂಡು ಕೂತದ್ದೂ ಸೇರಿತ್ತು, ಎರಡನೆಯದೇ ದೊಡ್ಡದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಭಾವ ಲ್ಯಾಬಿಗೇ ಬಂದರು. ಯಾವತ್ತೂ ಬಂದವರಲ್ಲ. ಸ್ಟೂಲಿನ ತುದಿಯಲ್ಲಿ ಕೂತು, ಜೇಬಿನಿಂದ ರ‍್ಯಾಮ್ ತೆಗೆದು ಮೇಜಿನ ಮೇಲಿಟ್ಟರು.

“ಅಂಗಡಿಗೆ ತಗೊಂಡು ಹೋಗಿದ್ದೆ ಕಣಪ್ಪ. ಅವನು ಟೆಸ್ಟ್ ಮಾಡಿ, ಇದಕ್ಕೇನೂ ಆಗಿಲ್ಲ, ಚೆನ್ನಾಗಿದೆ ಅಂತಾನೆ. ಸುಳ್ಳು ಹೇಳ್ತಿದ್ದಾನೆ, ಅಲ್ವಾ?”

ಪಾಪು ಕೈಯಲ್ಲಿದ್ದ ದವಡೆಯನ್ನೇ ನೋಡಿದ.

“ನೀನೇ ಕಣ್ಣಾರೆ ನೋಡಿದ್ದೀಯಲ್ಲ. ನನಗೆ ನಿನ್ನ ಮಾತೇ ಮಾತು,” ಅಂದರು ಭಾವ. “ಇರಲಿ, ನಾನೊಂದು ಹೇಳೋಕೆ ಬಂದೆ. ಕಂಪನಿಯವರು ದೂರದ ಒಂದು ಸೈಟಿಗೆ ಜನ ಕೇಳ್ತಿದ್ರು. ಯಾರೂ ಒಪ್ಪಿರಲಿಲ್ಲ. ನಾನು ಹೋಗ್ತೀನಿ ಅಂದೆ. ಸೋಮವಾರ ಹೊರಡ್ತೀನಿ. ವರ್ಷವೋ ಎರಡು ವರ್ಷವೋ, ಗೊತ್ತಿಲ್ಲ.”

“ಅಕ್ಕಂಗೆ ಹೇಳಿದ್ರಾ?”

“ಹೇಳಿದೆ. ಹೂಂ ಅಂದ್ಲು.” ಭಾವ ನಗಲು ನೋಡಿದರು, ಆಗಲಿಲ್ಲ. “ನಾನು ಏನು ಮಾಡೋಕೆ ಹೋದ್ರೂ ಅವಳಿಗೆ ನಷ್ಟಾನೇ ಆಗುತ್ತೆ ಪಾಪು. ಕಣ್ಣೆದುರು ಇಲ್ದಿದ್ರೆ ಅವಳಿಗೂ ನೆಮ್ಮದಿ. ನೀನಿದ್ದೀಯಲ್ಲ, ನೋಡ್ಕೋ.”

ಅವರು ಹೋದ ಮೇಲೆ ಪಾಪು ತುಂಬ ಹೊತ್ತು ಕೂತೇ ಇದ್ದ. ತನ್ನ ಅಕ್ಕನ ಮನೆಯನ್ನು ತಾನೇ ಎರಡು ಹೋಳು ಮಾಡುತ್ತಿದ್ದೇನೆ, ಅದೂ ಯಾಕೆ, ‘ನನ್ನ ತಮ್ಮ ಅಂದ್ರೆ ಸುಮ್ನೇನಾ’ ಅನ್ನುವ ಒಂದು ಮಾತಿಗಾಗಿ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೇಜಿನ ಮೇಲೆ ಭಾವ ಮರೆತು ಬಿಟ್ಟುಹೋದ ರ‍್ಯಾಮ್ ಬಿದ್ದಿತ್ತು.

ಭಾನುವಾರ ಬೆಳಿಗ್ಗೆ ಅದನ್ನು ತೆಗೆದುಕೊಂಡು ಹೋದ. ನಡುಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು, ಭಾವ ಅಂಗಿಗಳನ್ನು ಮಡಿಸುತ್ತಿದ್ದರು. ಪಾಪು ಕೂರಲೂ ಇಲ್ಲ.

“ಅಕ್ಕ, ಬಾ ಇಲ್ಲಿ. ಭಾವ, ನೀವೂ ಕೇಳಿ. ಮೆಷಿನ್ ಕೆಟ್ಟಿದ್ದು ಈ ರ‍್ಯಾಮಿಂದ ಅಲ್ಲ, ನನ್ನಿಂದ. ಅದರೊಳಗಿದ್ದ ಪೇಸ್ಟನ್ನ ನಾನು ಕೊಳೆ ಅಂತ ಒರೆಸಿಹಾಕಿದ್ದೆ. ಆಮೇಲೆ ಗುಟ್ಟಾಗಿ ಹಚ್ಚಿದೆ. ಸರಿಹೋಯ್ತು. ನಿಮಗೆ ಯಾರಿಗೂ ಹೇಳಲಿಲ್ಲ.”

ಒಂದೇ ಉಸಿರಿಗೆ ಹೇಳಿದ. ಹೇಳಿ ಮುಗಿಸಿ, ಇನ್ನೇನು ಸಿಡಿಲು ಬೀಳುತ್ತದೆ ಅಂತ ತಲೆ ತಗ್ಗಿಸಿ ನಿಂತ.

ಅಕ್ಕ ಸೂಟ್‌ಕೇಸನ್ನು ನೋಡಿದಳು, ತಮ್ಮನನ್ನು ನೋಡಿದಳು. ಅವಳ ಕಣ್ಣು ತುಂಬಿತು. “ಅವರು ಹೋಗಬಾರದು ಅಂತ ಇಷ್ಟೆಲ್ಲ ಕಥೆ ಕಟ್ಟಿದ್ಯೇನೋ? ಬೇರೆಯವರ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ಬಂದಿದ್ದೀಯಲ್ಲೋ. ಎಂಥಾ ಮನಸ್ಸೋ ನಿಂದು!”

“ಕಥೆ ಅಲ್ಲಕ್ಕ, ನಿಜ!”

“ಬಿಡಪ್ಪ,” ಅಂದರು ಭಾವ. ಎದ್ದು ಬಂದು ಅವನ ಭುಜ ಹಿಡಿದರು. “ನನಗೋಸ್ಕರ ಸುಳ್ಳು ಹೇಳೋಕೂ ತಯಾರಾದ್ಯಲ್ಲ, ಸಾಕು. ನಾನು ಇದನ್ನ ಮರೆಯಲ್ಲ.”

ಅಯ್ಯೋ ದೇವರೇ! ಬೈದರೆ ತಡೆದುಕೊಳ್ಳಲು ಬಂದಿದ್ದವನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಇಷ್ಟಕ್ಕೇ ಸುಮ್ಮನಾದರೆ ಅವನು ಇನ್ನೂ ದೊಡ್ಡ ಮನುಷ್ಯನಾಗುತ್ತಿದ್ದ. ಹೇಳಬೇಕಾದ್ದನ್ನು ಹೇಳಿದ್ದೂ ಆಗುತ್ತಿತ್ತು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಹಾಗೇ ಬಿಟ್ಟುಬಿಡೋಣ ಅಂತ ಅವನಿಗೆ ಅನ್ನಿಸಿತು. ಆಗ ಭಾವ ಅವನ ಭುಜ ಬಿಟ್ಟು ಮತ್ತೆ ಅಂಗಿ ಮಡಿಸಲು ಬಗ್ಗಿದರು.

ಪಾಪು ಸೀದಾ ರೆಕಾರ್ಡಿಂಗ್ ಕೋಣೆಗೆ ನುಗ್ಗಿದ. ಮೆಷಿನ್ನಿನ ಮುಚ್ಚಳ ಬಿಚ್ಚಿದ.

“ಏನೋ ಮಾಡ್ತಿದ್ದೀಯ? ಚೆನ್ನಾಗಿ ಓಡ್ತಿದೆಯಲ್ಲೋ!” ಅಂತ ಅಕ್ಕ ಹಿಂದೆಯೇ ಓಡಿ ಬಂದಳು.

“ಭಾವ, ಇದನ್ನ ಕೈಯಲ್ಲಿ ಹಿಡ್ಕೊಳ್ಳಿ,” ಅಂತ ಪಾಪು ರ‍್ಯಾಮನ್ನು ಅವರ ಅಂಗೈಯಲ್ಲಿಟ್ಟ. “ನೋಡಕ್ಕ, ಇದು ಒಳಗಿಲ್ಲ. ಭಾವನ ಕೈಯಲ್ಲಿದೆ. ನೆನಪಿಟ್ಕೋ.”

ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನು ಎತ್ತಿದ. ತಾನೇ ಹಚ್ಚಿದ್ದ ಪೇಸ್ಟನ್ನು ಹತ್ತಿಯಿಂದ ಒರೆಸಿದ, ಮೊದಲ ಸಲ ಒರೆಸಿದ್ದಕ್ಕಿಂತ ಚೆನ್ನಾಗಿ. ಫ್ಯಾನನ್ನು ಹಾಗೇ ವಾಪಸು ಬಿಗಿದ, ಮೆಷಿನ್ನು ಹಚ್ಚಿದ. ಮುಗಿಸಿಟ್ಟಿದ್ದ ಪಾಠವೊಂದನ್ನು ತೆರೆದು ಗದ್ದಲ ತೆಗೆಯುವ ಕೆಲಸ ಕೊಡು ಅಂದ. ಅಕ್ಕ ಗೊಣಗುತ್ತಲೇ ಕೊಟ್ಟಳು.

ಮೂವರೂ ಪರದೆ ನೋಡುತ್ತ ನಿಂತರು. ನೀಲಿ ಗೆರೆ ನಿಧಾನವಾಗಿ ಬಲಕ್ಕೆ ಸರಿಯುತ್ತಿತ್ತು. ಫ್ಯಾನಿನ ಸದ್ದು ಏರಿತು. ಪಾಪುವಿಗೆ ಬೆವರು ಕಿತ್ತುಕೊಂಡಿತು. ಇದೊಂದು ಸಲ ಆರದೇ ಇದ್ದುಬಿಟ್ಟರೆ ಏನು ಗತಿ ಅಂತ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಟಪ್ ಅಂತ ಪರದೆ ಕಪ್ಪಾಯಿತು.

ಭಾವ ಅಂಗೈ ಬಿಡಿಸಿ ರ‍್ಯಾಮನ್ನು ನೋಡಿದರು. ಅದನ್ನು ಆ ಕಡೆ ಈ ಕಡೆ ತಿರುಗಿಸಿದರು. “ಹಾಗಾದ್ರೆ ಇದು ಚೆನ್ನಾಗೇ ಇತ್ತು,” ಅಂತ ತಮಗೇ ಹೇಳಿಕೊಂಡರು.

ಅಕ್ಕ ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಹಾಗೇ ನೋಡುತ್ತ ಅಂದಳು: “ಆ ದಿನ ನಾನು ಅದನ್ನ ಅವರ ಮುಖಕ್ಕೆ ಹಿಡಿದು ಅಷ್ಟೆಲ್ಲ ಅಂದೆ. ನೀನು ಪಕ್ಕದಲ್ಲೇ ನಿಂತಿದ್ದೆ.”

“ಹೂಂ.”

“ಆಗ್ಲೇ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತಕ್ಕ.”

“ನಾನು ನಿನ್ನ ಬೆನ್ನು ಸವರಿದಾಗಲೂ?”

ಅವನು ತಲೆಯಾಡಿಸಿದ. ಅಳು ಬರುವ ಹಾಗಿತ್ತು, ಅತ್ತು ಅದಕ್ಕೂ ಸಮಾಧಾನ ಮಾಡಿಸಿಕೊಳ್ಳುವ ಮುಖ ಅವನಿಗಿರಲಿಲ್ಲ.

ಅಕ್ಕ ಪರದೆಯಿಂದ ತಿರುಗಿದಳು. ಗಂಡನ ಎದುರು ಹೋಗಿ ಅಂಗೈ ಚಾಚಿದಳು. “ಕೊಡಿ ಇಲ್ಲಿ,” ಅಂದಳು. ಭಾವ ಕೊಟ್ಟರು. ಅವಳು ಸೆರಗಿನಿಂದ ಆ ಹಸಿರು ಪಟ್ಟಿಯನ್ನು ಮೆಲ್ಲಗೆ ಒರೆಸಿ, ಅದರ ಎರಡೂ ತುದಿ ಹಿಡಿದುಕೊಂಡಳು.

“ಆ ಸೈಟಿನವರಿಗೆ ಬರಲ್ಲ ಅಂತ ಹೇಳೋಕಾಗುತ್ತಾ?” ಅಂದಳು.

“ನಾಳೆ ಬೆಳಿಗ್ಗೆ ಕೇಳಿ ನೋಡ್ತೀನಿ,” ಅಂದರು ಭಾವ.

“ಈಗ್ಲೇ ಕೇಳಿ.” ಆಮೇಲೆ ಅವಳು ಮೆಷಿನ್ನಿನ ಕಡೆ ಕೈ ತೋರಿಸಿದಳು. “ಮತ್ತೆ, ರೀ, ಇದನ್ನ ಒಳಗೆ ಕೂರಿಸಿ, ಅದೇನೋ ಪೇಸ್ಟ್ ಹಚ್ಚಿಟ್ಟು ಹೋಗೋಕೆ ಹೇಳಿ ಅವನಿಗೆ.”

ಪಾಪು ಅವಳ ಪಕ್ಕದಲ್ಲೇ ನಿಂತಿದ್ದ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ. ಭಾವ ಅವನ ಕಡೆ ತಿರುಗಿದರು. ಹೇಗೆ ಹೇಳಲಿ ಅಂತ ಅವರಿಗೆ ಮುಜುಗರವಾಗುತ್ತಿತ್ತು.

“ಕೇಳಿಸ್ತು ಭಾವ,” ಅಂದ ಪಾಪು.